ಕೊನೆಯ ಆರು ನಿಮಿಷ

ಟಣ್ ಟಣ್, ಉಂಗುರದಿಂದ ಕಂಬಿಗೆ ಎರಡೇಟು, ಎರಡಾದರೆ ಹೊರಡು, ಒಂದಾದರೆ ನಿಲ್ಲು, ಈ ಕಂಡಕ್ಟರನ ಉಂಗುರ ತೆಳುವು, ಸದ್ದಿಗೆ ಗತ್ತಿಲ್ಲ — ಅಶ್ವಥ ಬಡಿದರೆ ಹಿಂದಿನ ಸೀಟಿನಲ್ಲಿ ತೂಕಡಿಸುವವರೂ ಬೆಚ್ಚಿಬಿದ್ದು ಜೇಬಿಗೆ ಕೈ ಹಾಕುತ್ತಿದ್ದರು, ಅದರ ಮೇಲೆ ಆ ಗಂಟಲು ಬೇರೆ, ಹರಿಹರ ಹರಿಹರ ಹರಿಹರಾ ಎಂದು ಅವನು ದಾವಣಗೆರೆ ಸ್ಟ್ಯಾಂಡಿನಲ್ಲಿ ಕೂಗಿದರೆ ಹರಿಹರದವರು ಅಲ್ಲೇ ಎದ್ದು ನಿಲ್ಲುತ್ತಾರೆ ಎಂದು ಅವ್ವ ಮೈಲಮ್ಮ ತಮಾಷೆ ಮಾಡುತ್ತಿದ್ದಳು, ಹದಿಮೂರು ವರ್ಷ ಇದೇ ದಾರಿಯ ಖಾಸಗಿ ಬಸ್ಸುಗಳಲ್ಲಿ ನಿಂತೇ ಬದುಕಿದ ತಮ್ಮ, ಈಗ ಇಲ್ಲ, ಎಂಟು ತಿಂಗಳಾಯಿತು, ಮತ್ತು ದುರ್ಗಾ ಕಿಟಕಿ ಪಕ್ಕದ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನ ಮಗಳಿಗೆ ಹೆಸರಿಡಲು ಹೋಗುತ್ತಿದ್ದಾಳೆ. ಚೀಲದಲ್ಲಿ ಕೂಸಿಗೆ ಕಾಲ್ಗೆಜ್ಜೆ, ಹಳದಿ ಅಂಗಿ, ಬಾಣಂತಿ ಸರೋಜಾಗೆ ಸೀರೆ, ಕುಬಸದ ಕಣ, ಕೈಯಲ್ಲಿ ಫೋನು, ಫೋನಿನಲ್ಲಿ ಅಶ್ವಥನ ಧ್ವನಿ, ಎರಡು ಫೈಲು, ಒಂದು ಅವನೇ ಮಾತಾಡಿದ್ದು, ಇನ್ನೊಂದು ಮೊನ್ನೆ ಮಧ್ಯಾಹ್ನ ದುರ್ಗಾ ಕೂತು ಮಾಡಿದ್ದು. ಹನ್ನೊಂದು ಗಂಟೆಗೆ ತೊಟ್ಟಿಲು, ಅಷ್ಟರೊಳಗೆ ಎರಡರಲ್ಲಿ ಯಾವುದನ್ನು ಒತ್ತುವುದು ಎಂದು ತೀರ್ಮಾನವಾಗಬೇಕು, ಮತ್ತೆ ಈ ತಲೆ ನೋಡಿದರೆ ಉಂಗುರದ ಸದ್ದಿನ ಬಗ್ಗೆ ಯೋಚಿಸುತ್ತಿದೆ. ಟಿಕೆಟ್ ಟಿಕೆಟ್, ಎಲ್ಲಿಗ್ರಿ ಮೇಡಂ, ಹರಿಹರ, ಒಂದಾ, ಹೌದು ಒಂದು.

ಹೆಸರು ಕರೆಯುವುದು ಸೋದರತ್ತೆಯ ಹಕ್ಕು, ಆ ಹಕ್ಕಿಗೆ ಗುದ್ದುಗಳೂ ಸೇರಿವೆ, ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸುರಬೇಕು, ಬಗ್ಗಿದಾಗ ಸುತ್ತ ನಿಂತ ಹೆಂಗಸರೆಲ್ಲ ಬೆನ್ನಿಗೆ ಗುದ್ದಬೇಕು, ಈ ಬೆನ್ನು ನಿನ್ನ ಮಕ್ಕಳಿಗೇ ಕಾದೈತೆ ಕಣಲೇ ಎಂದು ಅಶ್ವಥನ ಮದುವೆಯ ದಿನವೇ ಇವಳು ಅಂದಿದ್ದಳು, ತನ್ನ ಮದುವೆಯ ಮಾತನ್ನು ಎಂದೋ ಕೈಬಿಟ್ಟವಳು, ತಮ್ಮನದೇ ಸಂಸಾರ ತನ್ನದೂ ಎಂದು ಇದ್ದವಳು, ಮತ್ತು ಅವನಾದರೂ ಎಷ್ಟು ಕಾಯಿಸಿದ, ಏಳು ವರ್ಷ ಮಕ್ಕಳಿಲ್ಲ, ಏಳನೆಯ ವರ್ಷ ಸರೋಜಾಗೆ ತಿಂಗಳು ನಿಂತಿತು, ಅದೇ ತಿಂಗಳು ಅವನ ಗಂಟಲು ಕಟ್ಟಿತು. ಏನಿಲ್ಲಕ್ಕ, ಕೂಗಿ ಕೂಗಿ ಹಿಂಗಾಗೈತೆ, ಉಪ್ಪುನೀರು ಮುಕ್ಕಳಿಸಿದ್ರ ಹೋಗ್ತೈತೆ, ಎಂದ, ಎನ್ನುವಾಗಲೂ ದವಡೆಯಲ್ಲಿ ಗುಟ್ಕಾ ಇತ್ತು, ಅದನ್ನು ನೋಡಿದರೂ ಇವಳು ಬೈಯಲಿಲ್ಲ, ಬೈದು ಬೈದು ಸಾಕಾಗಿತ್ತು, ಬೈಯಬೇಕಿತ್ತು. ಮೂರನೆಯ ಡಾಕ್ಟರು ಹೇಳಿದ್ದು ಸ್ಪಷ್ಟ, ಧ್ವನಿಪೆಟ್ಟಿಗೆ ತೆಗೀಬೇಕಾಗ್ತದೆ, ಜೀವ ಉಳೀತದೆ, ಮಾತು ಉಳಿಯೋದಿಲ್ಲ — ಕಂಡಕ್ಟರನಿಗೆ. ಅವನು ಹೊರಗೆ ಬಂದು ಬೆಂಚಿನ ಮೇಲೆ ಕೂತು ಕೇಳಿದ್ದು ಒಂದೇ, ಅಕ್ಕಾ, ಕೂಸಿಗೆ ನನ್ನ ದನಿ ಗೊತ್ತಾಗೋದೇ ಇಲ್ಲಲ್ಲ.

ಶಾಬನೂರು ದಾಟಿತೇ, ದಾಟಿರಬೇಕು, ಕಿಟಕಿಯ ಗಾಜಿನ ಮೇಲೆ ಯಾರದೋ ತಲೆಯೆಣ್ಣೆಯ ಗುರುತು, ಅದರಾಚೆ ಲಾರಿಗಳು, ಗಾಜು, ಗಾಜಿನಾಚೆ ಅವನ ತುಟಿ — ಬೇಡ, ಅದು ಈಗ ಬೇಡ, ಬೇರೆ ಏನಾದರೂ. ದುರ್ಗಾಳ ಕೆಲಸ ಏನೆಂದು ನಿಟ್ಟುವಳ್ಳಿಯ ಓಣಿಯಲ್ಲಿ ಯಾರಿಗೂ ನೆಟ್ಟಗೆ ಗೊತ್ತಿಲ್ಲ, ಅವ್ವ ಕೇಳಿದವರಿಗೆಲ್ಲ ಕಂಪ್ಯೂಟರ್ ರಿಪೇರಿ ಎಂದು ಹೇಳಿಬಿಟ್ಟಿದ್ದಾಳೆ, ಕೆಟ್ಟ ಮಿಕ್ಸಿ ಹಿಡಿದು ಬಾಗಿಲಿಗೆ ಬಂದವರೂ ಇದ್ದಾರೆ, ತಿಳಿದುಕೊಳ್ಳುವ ತನಕ ಬಿಡದೆ ಕೇಳಿದವನು ಅಶ್ವಥನೊಬ್ಬನೇ. ಕಂಪ್ಯೂಟರಿನೊಳಗೆ ಎಲ್ಲ ಪ್ರೋಗ್ರಾಮುಗಳ ತಳದಲ್ಲಿ ಕೂತು ಯಂತ್ರದ ಜೊತೆ ನೇರ ಮಾತಾಡುವ ಭಾಗಕ್ಕೆ ಕರ್ನಲ್ ಅಂತಾರೆ, ಬಸ್ಸಿಗೆ ನೀನಿದ್ದ ಹಂಗೆ ಕಣಪ್ಪ, ಯಾರು ಎಲ್ಲಿ ಕೂಡಬೇಕು, ಯಾರು ಎಲ್ಲಿ ಇಳೀಬೇಕು ಎಲ್ಲಾ ಅದರ ಕೈಯಾಗೆ, ಎಂದಾಗ ಅವನಿಗೆ ಎಲ್ಲಿಲ್ಲದ ಹಿಗ್ಗು, ಹಂಗಾದ್ರ ಇಬ್ರೂ ಒಂದೇ ಕೆಲಸ ಮಾಡ್ತೀವಿ ಅನ್ನು, ನಿಂಗ್ಯಾಕ ಅಷ್ಟು ಸಂಬಳ. ಆ ಕರ್ನಲ್‌ನಲ್ಲಿ ಇವಳದು ಒಂದು ಮೂಲೆ, ಅಳಿಯದ ಮೆಮೊರಿಯ ಮೂಲೆ, ಸಾಮಾನ್ಯ ಮೆಮೊರಿ ಚುರುಕು ಆದರೆ ಕರೆಂಟು ಹೋದರೆ ಬರಿದು, ಡಿಸ್ಕು ಉಳಿಸಿಕೊಳ್ಳುತ್ತದೆ ಆದರೆ ನಿಧಾನ, ಇದು ಎರಡರ ನಡುವಿನದು, ಮೆಮೊರಿಯಷ್ಟೇ ಚುರುಕು, ಕರೆಂಟು ಹೋದರೂ ಇಟ್ಟದ್ದು ಇಟ್ಟಲ್ಲೇ, ಮಾಡುತ್ತಿದ್ದ ಕಂಪನಿ ಲಾಭವಿಲ್ಲವೆಂದು ಮಾಡುವುದನ್ನೇ ನಿಲ್ಲಿಸಿತು, ಆದರೂ ಕೊಂಡವರ ಹತ್ತಿರ ಇನ್ನೂ ಓಡುತ್ತಿವೆ, ಅವಕ್ಕಾಗಿ ಆ ಮೂಲೆಯ ಕಸ ಹೊಡೆದು ದೀಪ ಹಚ್ಚುವವರು ಪ್ರಪಂಚದಲ್ಲಿ ಏಳೆಂಟು ಮಂದಿ, ಅವರಲ್ಲೊಬ್ಬಳು ನಿಟ್ಟುವಳ್ಳಿಯವಳು. ಪರೀಕ್ಷೆಗೆಂದು ಆ ಮೆಮೊರಿ ಹಾಕಿದ ಒಂದು ಹಳೆಯ ದೊಡ್ಡ ಯಂತ್ರ ಮಹಡಿಯ ಕೋಣೆಯಲ್ಲಿ ಮೂರು ವರ್ಷದಿಂದ ಗುಂಯ್ ಎನ್ನುತ್ತಿದೆ, ಇದು ಮರಿಯೋದೇ ಇಲ್ವಾ ಅಕ್ಕಾ, ಇಲ್ಲ ಕಣೋ, ಕರೆಂಟು ಹೋದ್ರೂ, ಹೋದ್ರೂ, ಸಿಡಿಲು ಹೊಡೆದ್ರೂ, ಅದೆಲ್ಲಾ ಗೊತ್ತಿಲ್ಲಪ್ಪ, ಎಂದಾಗ ಅವನು ನಕ್ಕಿದ್ದ, ಆಮೇಲೆ ಆಪರೇಷನ್ನಿಗೆ ನಾಲ್ಕು ದಿನವಿದೆ ಎನ್ನುವಾಗ ತಾನಾಗಿ ಮೆಟ್ಟಿಲು ಹತ್ತಿ ಬಂದು ನಿಂತ, ಇದರಾಗೇ ಹಾಕು ನನ್ನ ದನಿ, ಫೋನಿನಾಗ ಬ್ಯಾಡ, ಫೋನು ಕಳೀತಾವು.

ಅದು ಮೊದಲ ತಪ್ಪು, ಅಲ್ಲ, ಅದು ಅವನ ಆಸೆ, ತಪ್ಪುಗಳೆಲ್ಲ ಇವಳವು, ಒಂದೊಂದಾಗಿ ಬೆರಳು ಮಡಚಬಹುದು. ಫೋನಿನಲ್ಲೂ ಒಂದು ಕಡೆ ರೆಕಾರ್ಡ್ ಇಟ್ಟುಕೊಳ್ಳಬಹುದಿತ್ತು, ಇಟ್ಟುಕೊಳ್ಳಲಿಲ್ಲ, ತನ್ನ ಕೈಯಿಂದ ಹೋದ ಸಾಲುಗಳ ಮೇಲೆ ಅಷ್ಟು ನಂಬಿಕೆ, ನಂಬಿಕೆ ಎಂಬ ದೊಡ್ಡ ಮಾತೇಕೆ, ಜಂಬ. ಮೈಕ್ ಮುಂದೆ ಕುರ್ಚಿ ಎಳೆದು ಕೂತು ಅವನು ಬೊಗಸೆ ತುಂಬ ಮಾತಾಡಿದ, ಗಂಟಲು ಜರಡಿಯಂತಾಗಿತ್ತು, ನಡುನಡುವೆ ನೀರು, ಕೆಮ್ಮು, ಕೂಸೇ ನಾನು ನಿನ್ನಪ್ಪ, ಎಂದು ಶುರು ಮಾಡಿ ಏನೇನೋ, ಯಾವ ಸ್ಟಾಪಿನಲ್ಲಿ ಯಾವ ಮುದುಕಿ ಯಾವಾಗಲೂ ಚಿಲ್ಲರೆ ಇಲ್ಲ ಎನ್ನುತ್ತಾಳೆ, ನಿಮ್ಮವ್ವನ್ನ ಮೊದಲ ಸಲ ನೋಡಿದ್ದು ಇದೇ ಬಸ್ಸಿನಾಗೆ, ಮೂರನೇ ಸೀಟು, ಕಾಲೇಜಿನ ಪಾಸು ತೋರ್ಸು ಅಂದ್ರ ಉರಿದು ನೋಡಿದ್ಲು, ನಿಮ್ಮತ್ತೆ ಮೂಗು ಉದ್ದ, ಹೆದರಬ್ಯಾಡ, ಹೀಗೆ ಮೂವತ್ತೈದು ನಿಮಿಷ, ದುರ್ಗಾ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಅಳು ನಗು ಎರಡನ್ನೂ ಸದ್ದಾಗದಂತೆ ತಡೆದುಕೊಂಡಿದ್ದಳು. ಆಮೇಲೆ ಅವನು ತಿರುಗಿ, ಈಗ ಹೆಸರು ಹೇಳ್ತೀನಿ, ಗಂಡಾದ್ರ ಒಂದು, ಹೆಣ್ಣಾದ್ರ ಒಂದು, ನೀ ಹೊರಗ ಹೋಗಕ್ಕ, ಯಾಕಲೇ ನಾನು ಕೇಳಬಾರದಾ, ಬ್ಯಾಡ, ತೊಟ್ಲಾಗ ಕೂಸಿದ್ದಾಗ ಎಲ್ರೂ ಒಟ್ಟಿಗೇ ಕೇಳ್ರಿ, ಸರೋಜಾಗೂ ಹೇಳಿಲ್ಲ, ಅಂದು ಬಾಗಿಲತ್ತ ಕೈ ಮಾಡಿದ. ಇವಳು ತಾರಸಿಗೆ ಬಂದಳು. ಬಟ್ಟೆ ಒಣಗಿದ್ದವು, ತೆಗೆಯುತ್ತ ತೆಗೆಯುತ್ತ ಕಿಟಕಿಯ ಹತ್ತಿರ ಬಂದಳು, ಕದ್ದು ನೋಡಬೇಕೆಂದಲ್ಲ, ಹಗ್ಗದ ಆ ತುದಿ ಅಲ್ಲೇ ಇತ್ತು, ಸುಳ್ಳು, ನೋಡಬೇಕೆಂದೇ ಹೋದಳು. ಗಾಜಿನಾಚೆ ಅವನು. ಸದ್ದಿಲ್ಲ. ತುಟಿ ಎರಡೂ ಕೂಡಿದವು, ತೆರೆದವು, ಮತ್ತೆ ಕೂಡಿದವು, ಅಗಲವಾಗಿ ತೆರೆದವು, ಅಷ್ಟರಲ್ಲಿ ಇವಳನ್ನು ಕಂಡು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕಣ್ಣಿನಲ್ಲೇ ಗದರಿದ.

ದೊಡ್ಡಬಾತಿ, ದೊಡ್ಡಬಾತಿ ಯಾರ್ರೀ ಇಳಿಯೋರು, ಒಂದೇಟು, ನಿಂತಿತು, ಎಮ್ಮೆಹಾಲಿನ ಕ್ಯಾನು ಹಿಡಿದವನೊಬ್ಬ ಇಳಿದ, ಇಬ್ಬರು ಹೆಂಗಸರು ಹತ್ತಿದರು, ಎರಡೇಟು. ಮೂವತ್ತೈದು ಮತ್ತು ಆರು ನಲವತ್ತೊಂದು ನಿಮಿಷ, ಮುಗಿಸಿ ಬಾಗಿಲು ತೆಗೆದು ಅವನು ಕೇಳಿದ್ದು, ಈಗ ಕರೆಂಟು ಹೋದ್ರ, ಮತ್ತು ಇವಳು, ಹೋಗ್ಲಿ, ಕೀಳು ನೋಡೋಣ. ಕೀಳು ಎಂದದ್ದು ಇವಳ ಬಾಯಿ. ಅವನಿಗೆ ಅಷ್ಟೇ ಬೇಕಿತ್ತು, ಬಗ್ಗಿ ಗೋಡೆಯಿಂದ ಪ್ಲಗ್ಗನ್ನು ಸರಕ್ಕನೆ ಕಿತ್ತ, ಇನ್ವರ್ಟರ್ ಇದ್ದ ಮನೆ, ಮೂರು ವರ್ಷದಲ್ಲಿ ಆ ಯಂತ್ರ ಕರೆಂಟು ಹೋಗುವುದು ಎಂದರೇನೆಂದು ಕಂಡಿರಲಿಲ್ಲ, ಗುಂಯ್ ಎನ್ನುವುದು ನಿಂತು ಕೋಣೆ ಎಷ್ಟು ಮೌನವಾಯಿತೆಂದರೆ ಕೆಳಗೆ ಅವ್ವ ಈರುಳ್ಳಿ ಹೆಚ್ಚುವುದು ಕೇಳಿಸಿತು. ಮತ್ತೆ ಸಿಕ್ಕಿಸಿ ಚಾಲೂ ಮಾಡಿದರೆ ಫೈಲು ಇದೆ, ಉದ್ದ ನಲವತ್ತೊಂದು ನಿಮಿಷ ಎಂದೇ ತೋರಿಸುತ್ತಿದೆ, ಒತ್ತಿದರೆ ಕೂಸೇ ನಾನು ನಿನ್ನಪ್ಪ, ನೋಡಿದ್ಯಾ ಎಂದು ಇವಳು, ಅಬ್ಬಬ್ಬಬ್ಬ ಎಂದು ಅವನು ಚಪ್ಪಾಳೆ ತಟ್ಟಿ, ಸಾಕು ಸಾಕು ನಿಲ್ಸು, ಮುಂದ ಹೆಸರೈತೆ, ಎಂದ. ನಿಲ್ಲಿಸಿದಳು. ಕೊನೆಯವರೆಗೆ ಕೇಳಲೇ ಇಲ್ಲ. ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಅವನಿದ್ದ, ಗಂಟಲಿತ್ತು, ಇನ್ನೂ ನಾಲ್ಕು ದಿನ ಇತ್ತು, ಇನ್ನೊಂದು ಸಲ ಹೇಳೋ ಎಂದರೆ ಬೈಯುತ್ತ ಹೇಳುತ್ತಿದ್ದ.

ಆಪರೇಷನ್ ಆಯಿತು, ಚೆನ್ನಾಗೇ ಆಯಿತು, ಎಂಟು ದಿನ ಅವನು ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಹಾಳೆಯ ಮೇಲೆ ಬರೆದು ತೋರಿಸಿದ, ಕಾಫಿ ಎಂದು, ಸೊಳ್ಳೆ ಎಂದು, ಸರೋಜಾ ಊಟ ಮಾಡಿದಳಾ ಎಂದು, ಹೆಸರನ್ನು ಬರೆ ಎಂದು ಯಾರೂ ಕೇಳಲಿಲ್ಲ, ಯಾಕೆ ಕೇಳುತ್ತಾರೆ, ಅದು ಭದ್ರವಾಗಿತ್ತಲ್ಲ, ಒಂಬತ್ತನೆಯ ದಿನ ಜ್ವರ ಏರಿತು, ನಂಜು ಎಂದರು, ಮಾರನೆಯ ದಿನ ಸಂಜೆಗೆ ಮುಗಿಯಿತು. ಅತ್ತದ್ದು ನೆನಪಿದೆ, ಅಳುವಾಗಲೂ ಒಳಗೆ ಒಂದು ಸಮಾಧಾನವಿತ್ತೆಂಬುದು ನೆನಪಿದೆ, ದನಿ ಐತೆ, ದನಿ ಐತಲ್ಲಾ ಎಂದು ಸರೋಜಾಳ ತಲೆ ಎದೆಗೊತ್ತಿಕೊಂಡು ಹೇಳಿದವಳು ಇವಳೇ, ಆ ಹುಡುಗಿ ಆ ಮಾತನ್ನೇ ಹಿಡಿದು ಐದು ತಿಂಗಳು ದೂಡಿದಳು, ಹೆರಿಗೆ ನೋವಿನಲ್ಲೂ ಅದನ್ನೇ ಅಂದಳಂತೆ, ಇವತ್ತು ತೊಟ್ಟಿಲ ಹತ್ತಿರ ಕೇಳೋಣ ಎಂದು ಮೂರು ತಿಂಗಳು ಕೂಸನ್ನು ಬರೀ ಪುಟ್ಟಿ ಪುಟ್ಟಿ ಎಂದೇ ಕರೆದಿದ್ದಾಳೆ. ಫೋನಿನಲ್ಲಿ ಕೇಳುತ್ತಾಳೆ, ಅಕ್ಕಾ, ತರ್ತೀರಲ್ಲ, ಮರೀಬ್ಯಾಡ್ರಿ.

ಮರೆವು ಎಲ್ಲಿಂದ ಬರಬೇಕು. ಕಳೆದ ಸೋಮವಾರ ಅದೇ ಮೆಮೊರಿ ಬಳಸುವ ಪೋಲೆಂಡಿನ ಒಬ್ಬಾತನ ಪತ್ರ, ಬಹಳ ಮರ್ಯಾದೆಯ ಪತ್ರ, ನಮ್ಮಲ್ಲಿ ಕರೆಂಟು ಹೋದ ಮೇಲೆ ಫೈಲಿನ ಉದ್ದವೆಲ್ಲ ಸರಿ ಇರುತ್ತದೆ, ಕೊನೆಯ ಭಾಗ ಮಾತ್ರ ಬರೀ ಸೊನ್ನೆ, ದಯವಿಟ್ಟು ನೋಡುತ್ತೀರಾ. ನೋಡಿದಳು. ಪ್ರೊಸೆಸರಿನದು ಒಂದು ಚಾಳಿ, ಬರೆ ಎಂದರೆ ಬರೆದೆ ಎನ್ನುತ್ತದೆ, ಆದರೆ ಮೆಮೊರಿಗೆ ಇಳಿಸದೆ ತನ್ನ ಮಡಿಲಲ್ಲೇ ಇಟ್ಟುಕೊಂಡಿರುತ್ತದೆ, ಹೊಸದು ಬಂದಂತೆ ಹಳೆಯದನ್ನು ಇಳಿಸುತ್ತ ಹೋಗುತ್ತದೆ, ಹಾಗಾಗಿ ಕೊನೆಯದು ಯಾವಾಗಲೂ ಮಡಿಲಲ್ಲೇ, ಈಗಲೇ ಇಳಿಸು ಎಂದು ಕರ್ನಲ್ ಗದರಬೇಕು, ಆ ಗದರಿಕೆಗೆ ಹೊತ್ತು ಹಿಡಿಯುತ್ತದೆಂದು, ಕರೆಂಟು ಹೋದಾಗ ತಾವೇ ಇಳಿಸಿಕೊಳ್ಳುವ ಹೊಸ ಯಂತ್ರಗಳಲ್ಲಿ ಅದು ಬೇಡವೆಂದು ತೆಗೆದವಳು ಇವಳು, ತೆಗೆದದ್ದು ಸರಿ, ಆದರೆ ತೆಗೆಯುವ ಮುಂಚೆ ಯಂತ್ರವನ್ನು ಕೇಳಬೇಕು, ನೀನೇ ಇಳಿಸಿಕೊಳ್ಳುತ್ತೀಯಾ ಎಂದು, ಕೆಲವು ಹೌದು ಎನ್ನುತ್ತವೆ, ಕೆಲವು ಇಲ್ಲ ಎನ್ನುತ್ತವೆ, ಇವಳ ಮಹಡಿಯದರಂಥ ಹಳೆಯವು ಏನೂ ಹೇಳುವುದಿಲ್ಲ, ಏನೂ ಹೇಳದಿದ್ದನ್ನು ಇವಳ ಸಾಲು ಹೌದು ಎಂದು ಓದಿತು. ಒಂದು ಸಾಲು. ಮೂರು ದೇಶದ ಮೂವರು ಓದಿ ಸರಿ ಎಂದಿದ್ದರು. ಇವಳು ನೂರು ಸಲ ಪರೀಕ್ಷೆ ಮಾಡಿದ್ದಳು, ನೂರು ಸಲವೂ ಯಂತ್ರವನ್ನು ಮರ್ಯಾದೆಯಿಂದ ಮಲಗಿಸಿ ಎಬ್ಬಿಸಿ, ಮರ್ಯಾದೆಯಿಂದ ಮಲಗಿಸಿದರೆ ಅದು ಮಡಿಲಿನದನ್ನು ಇಳಿಸಿಯೇ ಮಲಗುತ್ತದೆ, ಒಮ್ಮೆಯೂ ಪ್ಲಗ್ ಕಿತ್ತು ನೋಡಿರಲಿಲ್ಲ, ಕಿತ್ತು ನೋಡಿದವನು ಅಶ್ವಥನೊಬ್ಬ. ತಪ್ಪು ಸಿಕ್ಕಿದಾಗ ಮೊದಲು ಬಂದದ್ದು, ನಾಚಿಕೆಯಾಗುತ್ತದೆ, ಖುಷಿ, ಸಿಕ್ಕಿತಲ್ಲ ಎಂಬ ಖುಷಿ, ಎದ್ದು ನೀರು ಕುಡಿಯಲು ಹೋದವಳು ಲೋಟ ತುಂಬಿ ಚೆಲ್ಲಿ ಪಾದದ ಮೇಲೆ ಹರಿಯುವವರೆಗೂ ಅಲ್ಲೇ ನಿಂತಳು. ಆಮೇಲೆ ಮೆಟ್ಟಿಲು ಹತ್ತಿದಳು. ಧ್ವನಿಯ ಗೆರೆ ಮೂವತ್ತೈದು ನಿಮಿಷದವರೆಗೆ ಬೆಟ್ಟಗುಡ್ಡ, ಅಲ್ಲಿಂದ ಮುಂದೆ ಚಪ್ಪಟೆ, ದಾರ ಎಳೆದಂತೆ ಚಪ್ಪಟೆ. ಆಚೀಚೆ ಒಂದೊಂದು ಚೂರು ಉಳಿದಿದ್ದವು, ಅರವತ್ನಾಲ್ಕು ಬೈಟಿನ ಚೂರುಗಳು, ಒಂದೊಂದು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಇಲ್ಲ, ಎಲ್ಲವನ್ನೂ ಹೆಕ್ಕಿ ಸಾಲಾಗಿ ಜೋಡಿಸಿ ಕೇಳಿದಳು, ಟಿಕ್ ಎಂದಿತು, ಅಷ್ಟೇ, ಉಗುರಿನಿಂದ ಮೇಜು ಕುಟ್ಟಿದ ಹಾಗೆ, ನಲವತ್ತು ಸಲ ಕೇಳಿದಳು. ಮತ್ತೆ ಗಾಜು, ಗಾಜಿನಾಚೆ ತುಟಿ ಕೂಡಿ ತೆರೆದು ಕೂಡಿ.

ಮಂಗಳವಾರ ಪ್ಯಾಚ್ ಕಳಿಸಿದಳು, ಎಂದರೆ ಸರಿಪಡಿಸಿದ ಸಾಲು. ಕರ್ನಲ್ ಬರೆಯುವವರಲ್ಲಿ ಒಂದು ಪದ್ಧತಿ, ಸರಿಮಾಡಿದವರು ಅದು ಯಾವ ಬದಲಾವಣೆಯಿಂದ ಕೆಟ್ಟಿತೆಂದು ಕೆಳಗೆ ಒಂದು ಸಾಲು ಬರೆಯಬೇಕು, ಬರೆದವರ ಗುರುತು ಸಮೇತ ಸಿಗುವಂತೆ, ಲೋಕವೆಲ್ಲ ಓದುತ್ತದೆ, ಯಾರೂ ಅದನ್ನು ಅವಮಾನ ಎಂದುಕೊಳ್ಳುವುದಿಲ್ಲ, ಇವಳೂ ಬರೆದಳು, ಕೆಡಿಸಿದ್ದು ನನ್ನದೇ ಬದಲಾವಣೆ, ಸರಿಮಾಡಿದ್ದು ನಾನೇ, ಕೆಳಗೆ ಸಹಿ, ದುರ್ಗಾ. ಎಷ್ಟು ಹಗುರ. ಪೋಲೆಂಡಿನವನು ಧನ್ಯವಾದ ಹೇಳಿದ, ಈಗ ಸರಿಯಾಗಿದೆ ಎಂದ. ಅದೇ ಬೆರಳುಗಳಿಂದ ಬುಧವಾರ ಮಧ್ಯಾಹ್ನ ಇನ್ನೊಂದು ಫೈಲು ಮಾಡಿದಳು, ಮೂವತ್ತೈದು ನಿಮಿಷದ ಧ್ವನಿ ಕೊಟ್ಟರೆ ಆ ಧ್ವನಿಯಲ್ಲಿ ಏನು ಬೇಕಾದರೂ ಹೇಳಿಸುವ ಪ್ರೋಗ್ರಾಮುಗಳಿಗೆ ಈಗೇನು ಬರ, ಹೆಣ್ಣಾದ್ರ ಪೂರ್ಣಿಮಾ ಅಂತ ಕರೀರಿ, ಎಂದು ಬರೆದು ಕೊಟ್ಟಳು, ಪೂರ್ಣಿಮಾ ಏಕೆಂದರೆ ತುಟಿ ಕೂಡುತ್ತದೆ, ತೆರೆಯುತ್ತದೆ, ಮತ್ತೆ ಕೂಡುತ್ತದೆ, ತೆರೆಯುತ್ತದೆ, ಪದ್ಮಾ ಎಂದರೂ ಕೂಡುತ್ತದೆ, ಬಸಮ್ಮ ಎಂದರೂ, ಅವ್ವನ ಹೆಸರೇ ಇರಬಹುದು, ಮೈಲಮ್ಮ, ಅಥವಾ ತಾನು ನೋಡಿದ್ದು ಹೆಣ್ಣಿನ ಹೆಸರೇ ಅಲ್ಲದೆ ಗಂಡಿನದಾಗಿರಬಹುದು. ಪ್ರೋಗ್ರಾಮು ಹೇಳಿತು. ಅಶ್ವಥನೇ. ಆದರೆ ಗಂಟಲಿನ ಆ ಒಡಕು ಬರೀ ಗಲಾಟೆ ಎಂದು ತಿಳಿದು ಅದು ತೊಳೆದುಹಾಕಿತ್ತು, ಹುಣ್ಣಿಲ್ಲದ ಗಂಟಲು, ಸ್ಟ್ಯಾಂಡಿನಲ್ಲಿ ಹರಿಹರ ಹರಿಹರಾ ಎಂದು ಕೂಗುತ್ತಿದ್ದ ಕಾಲದ ಗಂಟಲು, ಇವಳು ಬೆಚ್ಚಿ ನಿಲ್ಲಿಸಿದಳು, ಮತ್ತೆ ಹಾಕಿದಳು, ಸುಳ್ಳೆಂದು ಗೊತ್ತಿದ್ದೂ ನಾಲ್ಕು ಸಲ ಕೇಳಿದಳು, ಅವನು ಸುಖವಾಗಿರುವಂತೆ ಕೇಳಿಸುತ್ತಿತ್ತು, ಅದಕ್ಕೇ.

ಹರಿಹರ ಹರಿಹರ, ಎಲ್ಲಾ ಇಳೀರಿ, ಇಳಿದಳು, ಬಿಸಿಲು, ಆಟೋ ಬೇಡ, ನಡೆದೇ ಹೋದರೆ ಹತ್ತು ನಿಮಿಷ ಹೆಚ್ಚು ಸಿಗುತ್ತದೆ, ಹೂವಿನವಳ ಹತ್ತಿರ ಎರಡು ಮಾರು ಮಲ್ಲಿಗೆ ತೆಗೆದುಕೊಂಡಳು, ಹೊಳೆಯ ಕಡೆಯಿಂದ ಒದ್ದೆ ಗಾಳಿ. ಸುಳ್ಳಿನ ಫೈಲು ಒತ್ತಿದರೆ ಯಾರಿಗೆ ಏನು ನಷ್ಟ, ಕೂಸಿಗೆ ಒಂದು ಹೆಸರು ಸಿಗುತ್ತದೆ, ಒಳ್ಳೆಯ ಹೆಸರು, ಸರೋಜಾಗೆ ನಿದ್ದೆ ಸಿಗುತ್ತದೆ, ಅವ್ವನಿಗೆ ಮಗ ಕೊನೆಯದಾಗಿ ಹೇಳಿದ ಮಾತು ಸಿಗುತ್ತದೆ, ನಷ್ಟ ಏನಿದ್ದರೂ ಅಶ್ವಥನಿಗೆ, ಅವನಿಲ್ಲ. ಅವನಿಲ್ಲ ಎಂದೇ ಅಲ್ಲವೇ ಮತ್ತೆ ಅವನ ಬಾಯಲ್ಲಿ ನಾವು ಏನು ಬೇಕಾದರೂ ತುರುಕಬಹುದು. ಓಣಿಯ ತಿರುವಿನಲ್ಲೇ ಸರೋಜಾಳ ತಂದೆ ಬಂಗಾರಪ್ಪ ಕಾಯುತ್ತ ನಿಂತಿದ್ದಾನೆ, ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವೆಲು, ಬರ್ರಿ ದುರ್ಗಮ್ಮ, ನಿಮ್ಮದೇ ದಾರಿ ನೋಡ್ತಿದ್ವಿ, ನೋಡ್ರಿ ಸ್ಪೀಕರ್ ಬಾಕ್ಸು ತರಿಸೀನಿ, ನಮ್ಮ ಅಳಿಯನ ದನಿ ಫೋನಿನಾಗ ಎಷ್ಟು ಕೇಳ್ತೈತೆ, ಓಣಿಗೆಲ್ಲಾ ಕೇಳ್ಲಿ. ಹೌದು, ಅಂಗಳದಲ್ಲಿ ಕರಿಯ ಪೆಟ್ಟಿಗೆ, ಎದೆಮಟ್ಟದ್ದು, ಅದಕ್ಕೂ ಅರಿಶಿನ ಕುಂಕುಮ ಹಚ್ಚಿದ್ದಾರೆ, ಒಂದು ಎಳೆ ಹೂವು ಮುಡಿಸಿದ್ದಾರೆ.

ಕೂಡ್ರಿ ಅಕ್ಕಾ, ನೀರು ಕುಡೀರಿ, ಎನ್ನುವ ಸರೋಜಾ ಬಾಣಂತನದಲ್ಲೂ ಇಳಿದುಹೋಗಿದ್ದಾಳೆ, ಕಣ್ಣು ಮಾತ್ರ ದೊಡ್ಡವು, ನಿನ್ನೆಯೇ ಬಂದಿರುವ ಅವ್ವ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಾಳೆ, ನಡುಮನೆಯ ತುಂಬ ಹೆಂಗಸರು, ಕಡಲೆ ಗುಗ್ಗರಿಯ ವಾಸನೆ, ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಿಂದ ದಾಟಿಸಿ ಒಳಗೆ ಮಲಗಿಸಿದರು, ಮೂಗು ಉದ್ದ, ಅಯ್ಯೋ ನನ್ನದೇ ಮೂಗು. ಬಂಗಾರಪ್ಪ ವೈರು ತಂದು ಕೊಟ್ಟ, ಫೋನಿಗೆ ಸಿಕ್ಕಿಸಿದಳು, ಪರದೆಯ ಮೇಲೆ ಎರಡು ಫೈಲು ಒಂದರ ಕೆಳಗೊಂದು, ಹೆಬ್ಬೆರಳು ಎರಡನೆಯದರ ಮೇಲೆ ಹೋಯಿತು, ನಿಂತಿತು, ಸರೋಜಾ ಬಗ್ಗಿ ಕೂಸಿಗೆ ಹೇಳುತ್ತಿದ್ದಾಳೆ, ಪುಟ್ಟಿ, ನಿಮ್ಮಪ್ಪಾಜಿ ಮಾತಾಡ್ತಾರ, ಗಂಟ್ಲು ಸ್ವಲ್ಪ ಒಡದೈತೆ, ಹೆದರಬ್ಯಾಡ, ಅದೇ ಅವರ ದನಿ. ಅದೇ ಅವರ ದನಿ. ಹೆಬ್ಬೆರಳು ಮೇಲಕ್ಕೆ ಸರಿಯಿತು, ಒತ್ತಿತು, ಕೂಸೇ ನಾನು ನಿನ್ನಪ್ಪ, ಪೆಟ್ಟಿಗೆಯಿಂದ ಒಡಕು ಗಂಟಲು ಅಂಗಳ ತುಂಬಿ ಬಂತು, ಅವ್ವ ಹಗ್ಗ ಬಿಟ್ಟು ಕುಸಿದು ಕೂತಳು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು, ಚಿಲ್ಲರೆ ಇಲ್ಲವೆನ್ನುವ ಮುದುಕಿಗೆ ನಕ್ಕರು, ಮೂರನೇ ಸೀಟಿಗೆ ಸರೋಜಾ ಮುಖ ಮುಚ್ಚಿಕೊಂಡಳು, ನಿಮ್ಮತ್ತೆ ಮೂಗು ಎಂದಾಗ ಎಲ್ಲರೂ ಇವಳತ್ತ ತಿರುಗಿ ಅತ್ತುಕೊಂಡೇ ನಕ್ಕರು, ಇದಿಷ್ಟೇ ಇದ್ದಿದ್ದರೆ, ಇಲ್ಲಿಗೇ ಮುಗಿದಿದ್ದರೆ, ಈಗ ಹೆಸರು ಹೇಳ್ತೀನಿ, ನೀ ಹೊರಗ ಹೋಗಕ್ಕ, ಯಾಕಲೇ ನಾನು ಕೇಳಬಾರದಾ, ಬ್ಯಾಡ, ತೊಟ್ಲಾಗ ಕೂಸಿದ್ದಾಗ ಎಲ್ರೂ ಒಟ್ಟಿಗೇ ಕೇಳ್ರಿ, ಬಾಗಿಲು ಮುಚ್ಚಿದ ಸದ್ದು, ಕುರ್ಚಿ ಕಿರ್ರೆಂದದ್ದು, ಒಂದು ಕೆಮ್ಮು, ಮತ್ತೆ ಏನೂ ಇಲ್ಲ.

ಕಾಯುತ್ತಿದ್ದಾರೆ, ಎಲ್ಲರೂ ಉಸಿರು ಹಿಡಿದು ಕಾಯುತ್ತಿದ್ದಾರೆ, ಇವಳ ಬೆನ್ನಿನ ಹಿಂದೆ ಗುದ್ದಲು ಕೈಗಳು ಸಿದ್ಧವಾಗಿವೆ, ಬಂಗಾರಪ್ಪ ಪೆಟ್ಟಿಗೆಯ ಹಿಂದೆ ಹೋಗಿ ವೈರು ಅಲ್ಲಾಡಿಸುತ್ತಾನೆ, ಕನೆಕ್ಷನ್ ಲೂಜ್ ಐತೇನೋ, ಒಂಚೂರು ತಡೀರಿ, ಎನ್ನುತ್ತಾನೆ, ಪಾಪ, ಇನ್ನೂ ಐದೂವರೆ ನಿಮಿಷ ಅಲ್ಲಾಡಿಸಿದರೂ ಇಷ್ಟೇ, ಹೇಳಬೇಕು, ಈಗಲೇ, ಅಲ್ಲಿ ಒಂದು ಸಾಲು ಬರೆದು ಸಹಿ ಹಾಕಿದೆಯಲ್ಲ, ಅಷ್ಟೇ ಸಾಲು ಇಲ್ಲಿ ಹೇಳು. ವೈರು ಸರಿ ಐತ್ರಿ, ಎಂದಳು. ಅವನು ಹೇಳಿದ್ದ, ಮುಂದಿನದೆಲ್ಲಾ ಅಳಿಸಿ ಹೋಗೈತೆ. ನನ್ನ ಕೈಯಿಂದ ಆದ ತಪ್ಪು, ಮಿಷಿನ್ನಿಂದಲ್ಲ, ನಾನು ಬರೆದದ್ದರಾಗ ತಪ್ಪಿತ್ತು, ಪ್ಲಗ್ ಕೀಳು ಅಂದವಳೂ ನಾನೇ. ಹೆಸರು ಇನ್ನ ಸಿಗೋದಿಲ್ಲ ಸರೋಜಾ. ಅವ್ವ ನೆಲ ನೋಡುತ್ತ ಕೂತಿದ್ದಾಳೆ, ಬೈದರೆ ಚೆನ್ನಾಗಿತ್ತು, ಬಾಗಿಲ ಹತ್ತಿರ ಯಾರೋ, ಹೋಗ್ಲಿ ಬಿಡ್ರಿ, ಅತ್ತೀನೇ ಒಂದು ಹೆಸರು ಕರೀಲಿ, ಎಂದರು, ಯಾರೋ ಹ್ಞೂಂ ಎಂದರು, ಸರೋಜಾ ಮಾತ್ರ ತೊಟ್ಟಿಲ ಆ ಬದಿಯಿಂದ ಇವಳನ್ನೇ ನೋಡುತ್ತಿದ್ದಾಳೆ, ಸಿಟ್ಟಲ್ಲ, ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ನೀವು ಹೊರಗಿದ್ರೇನಕ್ಕ ಆವಾಗ. ಹೊರಗಿದ್ದೆ, ಕಿಟಕಿ ಹತ್ರ. ನೋಡಿದ್ರಾ. ನೋಡಿದೆ, ಗಾಜು ಮುಚ್ಚಿತ್ತು, ಕೇಳಿಸಲಿಲ್ಲ, ಬರೀ ತುಟಿ ಕಂಡ್ವು. ಸರೋಜಾ ಕೂಸಿನ ಮೇಲಿನ ಬಟ್ಟೆ ಸರಿಸಿ, ಅದರ ಮುಖವನ್ನು ಇವಳತ್ತ ತಿರುಗಿಸಿದಳು. ಹೆಂಗಂದ್ರು, ತೋರ್ಸ್ರಿ ಅಕ್ಕಾ, ಅದಕ್ಕ ತೋರ್ಸ್ರಿ. ದುರ್ಗಾ ಬಗ್ಗುತ್ತಾಳೆ, ಬೆನ್ನಿನ ಮೇಲೆ ಒಂದೂ ಗುದ್ದು ಬೀಳುವುದಿಲ್ಲ, ಕೂಸು ಕಣ್ಣು ಬಿಟ್ಟು ಇವಳ ಬಾಯನ್ನೇ ನೋಡುತ್ತಿದೆ, ತುಟಿ ಕೂಡುತ್ತವೆ, ತೆರೆಯುತ್ತವೆ, ಕೂಡುತ್ತವೆ — ಗಾಜು, ಗಾಜಿನಾಚೆ ಅವನು, ತುಟಿ ಕೂಡಿ, ತೆರೆದು, ಮತ್ತೆ ಕೂಡಿ, ಅಗಲವಾಗಿ ತೆರೆದು, ಸದ್ದಿಲ್ಲ, ತುಟಿ ಕೂಡಿ, ತೆರೆದು, ಮತ್ತೆ ಕೂಡಿ